ಲಂಕೆಗೆ ಹೊರಟಾಗ ಅವ್ವ ಹಿಡಿಯದ ವೀಳ್ಯ

ಹೋದ ವಾರ ನಮ್ಮ ಮನೆಯವರೆಲ್ಲ ಸೇರಿ ಹೊರದೇಶದಲ್ಲಿ ಕಾರು ಬಾಡಿಗೆಗೆ ಹಿಡಿದು ಸುತ್ತುವ ಪ್ರವಾಸ ಬುಕ್ ಮಾಡಿದರು. ಯಾವ ಊರು, ಯಾವ ಹೋಟೆಲು, ಯಾವ ಕಾರು ಎಂಬುದನ್ನೆಲ್ಲ ವಾಟ್ಸಾಪ್ ಗುಂಪಿನಲ್ಲಿ ಅವರವರೇ ತೀರ್ಮಾನಿಸಿಕೊಂಡರು. ನನ್ನ ಪಾಲಿಗೆ ಬಂದ ಮೆಸೇಜು ಒಂದೇ: ‘ಚಟ್ನಿಪುಡಿ ಎಷ್ಟು ಮಾಡ್ತೀಯ?’ ಉತ್ತರ ಕೊಡದೆ ಫೋನು ಮಗುಚಿಟ್ಟೆ. ಅವ್ವ ನೆನಪಾದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಯಿತು ಅನ್ನುವವರು ಇಲ್ಲೇ ನಿಲ್ಲಿಸಬಹುದು, ಬೇಜಾರಿಲ್ಲ.

ನಮ್ಮ ಮನೆತನದಿಂದ ಮೊದಲ ಸಲ ಸಮುದ್ರ ದಾಟಿದ್ದು ಎಪ್ಪತ್ತರ ದಶಕದ ನಡುವೆ, ನಾನು ಹೈಸ್ಕೂಲಿನಲ್ಲಿದ್ದಾಗ. ಹೋದದ್ದು ಶ್ರೀಲಂಕಾಕ್ಕೆ. ರಾಮೇಶ್ವರದ ತನಕ ರೈಲು, ಅಲ್ಲಿಂದ ಹಡಗು, ಆಚೆ ದಡದಲ್ಲಿ ಇಳಿದ ಮೇಲೆ ವ್ಯಾನಿನಲ್ಲಿ ಇಡೀ ದ್ವೀಪ ಸುತ್ತುವುದು. ಇದು ದೊಡ್ಡಪ್ಪನ ಯೋಜನೆ. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ಐಮಂಗಲದ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದವನು. ಅವನ ಕುರಿಗಳ ಉಣ್ಣೆಯ ಕಂಬಳಿಗಳನ್ನು ಕೊಳ್ಳುತ್ತಿದ್ದ ವ್ಯಾಪಾರಿ ಒಂದು ದಿನ, ‘ನಿಮ್ ಕಂಬಳಿ ಲಂಕೆಯ ಟೀ ತೋಟಕ್ಕೂ ಹೋಗ್ತವೆ’ ಎಂದುಬಿಟ್ಟಿದ್ದ. ಅವತ್ತಿನಿಂದ ದೊಡ್ಡಪ್ಪನಿಗೆ ಅದೇ ಧ್ಯಾನ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳು ಕುರಿ ನೋಡಿಕೊಳ್ಳುವಷ್ಟು ಬೆಳೆದಿದ್ದರು. ಇನ್ನೇನು ಅಡ್ಡಿ?

ಅಪ್ಪ ಕುರಿ ಬಿಟ್ಟು ಬಹಳ ವರ್ಷವಾಗಿತ್ತು. ಮಾರಿಕಣಿವೆ ಡ್ಯಾಮಿನ ಆಫೀಸಿನಲ್ಲಿ ಜೀಪು ಓಡಿಸುತ್ತಿದ್ದ. ನಾವು ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದೆವು. ಬೆಳಿಗ್ಗೆ ಒಬ್ಬ ಸಾಹೇಬರನ್ನು ಕಾಲುವೆ ಮೇಲೆ ಕರೆದುಕೊಂಡು ಹೋದರೆ, ಮಧ್ಯಾಹ್ನ ಇನ್ನೊಬ್ಬರನ್ನು ಹಿರಿಯೂರಿಗೆ ಬಿಡಬೇಕು. ದೊಡ್ಡಪ್ಪ ಲಂಕೆಯ ಮಾತು ತೆಗೆದಾಗ ಅಪ್ಪ ಹಾಕಿದ್ದು ಒಂದೇ ಷರತ್ತು.

‘ಡ್ರೈವರು ಆ ಕಡೆಯವನೇ ಇರ್ಬೇಕಣ್ಣ. ನಾನು ಸ್ಟೇರಿಂಗ್ ಮುಟ್ಟಲ್ಲ. ಹಿಂದಿನ ಸೀಟಲ್ಲಿ ಕಾಲು ಚಾಚ್ಕಂಡು ಕುಂತ್ಕಂತೀನಿ, ಅಷ್ಟೆ.’

‘ಕುಂತ್ಕಳ್ಳಪ್ಪ, ಯಾರು ಬ್ಯಾಡ ಅಂದ್ರು?’ ಎಂದ ದೊಡ್ಡಪ್ಪ.

ಅವ್ವ ಅಡಿಗೆಮನೆ ಬಾಗಿಲ ಹಿಂದೆ ನಿಂತಿದ್ದಳು. ನಮ್ಮಲ್ಲಿ ಹೆಂಗಸರು ಗಂಡನ ಅಣ್ಣನ ಜೊತೆ ನೇರ ಮಾತಾಡುವ ರೂಢಿ ಇರಲಿಲ್ಲ. ಹೇಳಬೇಕಾದದ್ದನ್ನು ಮಕ್ಕಳ ಕಡೆ ತಿರುಗಿ, ಆ ಕಡೆಯವರಿಗೆ ಕೇಳುವ ಹಾಗೆ ಹೇಳಬೇಕು. ಅವ್ವ ನನ್ನ ಕಡೆ ನೋಡಿ, ಊರಿಗೆಲ್ಲ ಕೇಳುವ ಹಾಗೆ ಕೇಳಿದಳು:

‘ನಿಮ್ ದೊಡ್ಡಪ್ಪುನ್ನ ಕೇಳೇ, ಅಲ್ಲಿ ಒಲೆ ಹಚ್ಚೋರು ಯಾರಂತೆ?’

ನಾನು ದೊಡ್ಡಪ್ಪನ ಮುಖ ನೋಡಿದೆ. ಅವನು ಅಂಗಳದ ಕಡೆ ನೋಡಿದ.

‘ಅದೇನು ದೊಡ್ಡ ಮಾತು ಅಂತ ಹೇಳವ್ವ ನಿಮ್ಮವ್ವಂಗೆ. ಹೋದ ಕಡೆ ಆಗ್ತೈತೆ.’

ಹೋದ ಕಡೆ ಆಗುತ್ತದೆ. ಹೇಗೆ ಆಗುತ್ತದೆ ಎಂಬುದು ಅವ್ವನಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ, ಅಪ್ಪನಿಗೆ ಡ್ಯಾಮಿನ ಕೆಲಸ ಸಿಗುವ ತನಕ, ಅವಳು ಮಂದೆಯ ಜೊತೆ ನಡೆದವಳು. ಬೇಸಿಗೆಗೆ ಮುಂಚೆ ಕುರಿ ಹೊಡೆದುಕೊಂಡು ಹೊಸದುರ್ಗ, ಹೊಳಲ್ಕೆರೆ ದಾಟಿ ಗದ್ದೆ ಕೊಯ್ದ ಸೀಮೆಗೆ ಹೋಗುವುದು, ರೈತರ ಹೊಲದಲ್ಲಿ ರಾತ್ರಿ ಕುರಿ ಕೂಡಿ ಗೊಬ್ಬರ ಮಾಡಿಕೊಡುವುದು, ಬೆಳಗಾದರೆ ಮುಂದಿನ ಊರು. ಗಂಡಸರಿಗೆ ಹೊಲ ಬಂತು ಎಂದರೆ ಅವತ್ತಿನ ನಡಿಗೆ ಮುಗಿಯಿತು, ಕಂಬಳಿ ಹಾಸಿ ಒರಗುತ್ತಿದ್ದರು. ಅವ್ವನಿಗೆ ಹೊಲ ಬಂತು ಎಂದರೆ ಕೆಲಸ ಶುರು. ಮೂರು ಕಲ್ಲು ಹುಡುಕಬೇಕು, ಪುಳ್ಳೆ ಆರಿಸಬೇಕು, ನೀರು ಎಲ್ಲಿದೆ ಎಂದು ಯಾರನ್ನಾದರೂ ಕೇಳಬೇಕು, ಅಷ್ಟೂ ಜನಕ್ಕೆ ಮುದ್ದೆ ತಿರುವಬೇಕು. ನಾನು ಹುಟ್ಟಿದ್ದು ಹೊಳಲ್ಕೆರೆ ಕಡೆಯ ಒಂದು ತೆಂಗಿನ ತೋಟದಲ್ಲಿ, ಮಂದೆ ಬಿಟ್ಟಿದ್ದಾಗ. ಬಾಣಂತನ ಮುಗಿಯುವ ಮುಂಚೆಯೇ ಒಲೆ ಮುಂದೆ ಕುಳಿತಿದ್ದಳಂತೆ. ಇದನ್ನು ಅವಳು ದೂರಿನ ಹಾಗೆ ಹೇಳಿದವಳಲ್ಲ. ಮಳೆ ಬಂದಿತ್ತು, ಬಿಸಿಲಿತ್ತು ಎನ್ನುವ ಹಾಗೆ ಹೇಳುತ್ತಿದ್ದಳು.

ಚಿತ್ರದುರ್ಗದಲ್ಲಿ ಒಬ್ಬ ಏಜೆಂಟ್ ಇದ್ದ. ಕಾಶಿ, ರಾಮೇಶ್ವರಕ್ಕೆ ಯಾತ್ರೆಯ ಬಸ್ಸು ಕಳಿಸುತ್ತಿದ್ದವನು. ಲಂಕೆಯಲ್ಲಿ ಅವನಿಗೆ ಪರಿಚಯದವರಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿ ಮೇಲೆ ಅವನ ಕೋಣೆ. ಅಪ್ಪ, ದೊಡ್ಡಪ್ಪ, ದೊಡ್ಡಪ್ಪನ ಜೊತೆ ಮಂದೆ ನಡೆಸುವ ಇಬ್ಬರು ಜೊತೆಗಾರರು ಹೋಗಿದ್ದರು. ಅವ್ವ ಮತ್ತು ನಾನು ಸೇರಿ ಒಟ್ಟು ಆರು ಜನ ಹೊರಡುವುದಿತ್ತು. ಓದಲು ಬರೆಯಲು ಇರಲಿ ಎಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು.

ಏಜೆಂಟ್ ಗೋಡೆಯ ಮೇಲಿನ ನಕ್ಷೆ ತೋರಿಸಿ, ಇಲ್ಲಿ ಹಡಗು ಇಳಿಯೋದು, ಇದು ಅನುರಾಧಪುರ, ಇದು ಕ್ಯಾಂಡಿ, ಇದು ಟೀ ತೋಟದ ಗುಡ್ಡ ಎನ್ನುತ್ತ ಹೋದ. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು ಒಂದೊಂದೇ ಪ್ರಶ್ನೆ ಹಾಕಿದ.

‘ಇಲ್ಲಿಂದ ಇಲ್ಲಿಗೆ ನೀರು ಎಲ್ಲೆಲ್ಲಿ ಐತೆ?’

‘ಎಲ್ಲಾ ಕಡೆ ಐತ್ರಿ.’

‘ಸಂಜೆ ಎಲ್ಲಿ ಬಿಡಾಣ? ಹೊಲದೋರು ಏನೂ ಅನ್ನಲ್ವ?’

‘ಯಜಮಾನ್ರೆ, ನೀವು ಕುರಿ ಹೊಡ್ಕಂಡು ಹೋಗ್ತೀರೋ, ಟೂರು ಹೋಗ್ತೀರೋ?’

ಜೊತೆಗಾರರಿಬ್ಬರೂ ಗೊಳ್ಳೆಂದು ನಕ್ಕರು. ದೊಡ್ಡಪ್ಪ ನಗಲಿಲ್ಲ. ಅವನಿಗೆ ಇದು ತಮಾಷೆಯ ಪ್ರಶ್ನೆಯೇ ಆಗಿರಲಿಲ್ಲ.

ಆಗ ದೇಶದಿಂದ ಹೊರಗೆ ಹಣ ಒಯ್ಯಲು ಸರ್ಕಾರ ಬಿಡುತ್ತಿದ್ದದ್ದು ಅಷ್ಟಕ್ಕಷ್ಟೆ. ಹೋಟೆಲುಗಳಲ್ಲಿ ತಿಂದುಕೊಂಡು ತಿರುಗುವುದು ನಮ್ಮಂಥವರಿಂದ ಆಗುವ ಮಾತಲ್ಲ. ಅದನ್ನೂ ಏಜೆಂಟೇ ಬಿಡಿಸಿ ಹೇಳಿದ.

‘ವ್ಯಾನು, ಡ್ರೈವರು, ಮಲಗೋಕೆ ಛತ್ರ ನನ್ನ ಜವಾಬ್ದಾರಿ. ಊಟ ನಿಮ್ದು. ಅಲ್ಲಿ ಅಕ್ಕಿಗೂ ತಾಪತ್ರಯ ಐತಂತೆ. ಸ್ಟೋವು, ಪಾತ್ರೆ, ಹಿಟ್ಟು ತಗಂಡು ಹೋಗ್ರಿ. ಹೆಂಗಸ್ರು ಬರ್ತಾರಲ್ಲ, ಇನ್ನೇನು?’

‘ಬರ್ತಾಳೆ, ಬರ್ತಾಳೆ,’ ಎಂದ ದೊಡ್ಡಪ್ಪ. ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಯಾವುದೋ ಲಾರಿಯ ಡ್ರೈವರು ರಿವರ್ಸ್ ತೆಗೆಯಲು ಒದ್ದಾಡುತ್ತಿದ್ದ. ನಮ್ಮಪ್ಪ ಅದನ್ನು ನೋಡಿ ನಿಟ್ಟುಸಿರು ಬಿಟ್ಟ.

ಮನೆಗೆ ಬಂದು ನಾನು ಅವ್ವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಹುರುಳಿಕಾಳು ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

‘ಮತ್ತೆ ಮೂರು ಕಲ್ಲು ಅನ್ನು,’ ಎಂದಳು.

‘ಕಲ್ಲು ಅಲ್ಲವ್ವ, ಸ್ಟೋವು.’

‘ಯಾವ್ದಾದ್ರೇನೇ?’

ಆಮೇಲಿನ ತಿಂಗಳುಗಳು ಓಡಾಟದಲ್ಲೇ ಕಳೆದವು. ಹಿರಿಯೂರಿನ ಸ್ಟುಡಿಯೋದಲ್ಲಿ ಫೋಟೊ. ಅವ್ವ ಹುಟ್ಟಿದ ಮೇಲೆ ಮೊದಲ ಸಲ ಒಬ್ಬಳೇ ಕುಳಿತು ತೆಗೆಸಿಕೊಂಡ ಫೋಟೊ ಅದು. ನಗಬೇಕೋ ಬೇಡವೋ ತಿಳಿಯದೆ ಯಾರ ಮೇಲೋ ಕೋಪ ಬಂದವಳ ಹಾಗೆ ಕಾಣುತ್ತಾಳೆ. ಪಾಸ್‌ಪೋರ್ಟಿಗೆ ಅರ್ಜಿ, ಪೊಲೀಸರು ಬಂದು ವಿಚಾರಿಸುವುದು, ಬೆಂಗಳೂರಿನಿಂದ ಅದು ಬರಲಿ ಎಂದು ಕಾಯುವುದು. ಕಾಲರಾ ಇಂಜೆಕ್ಷನ್ ಬೇರೆ. ‘ಕುರಿಗೆ ಹಾಕ್ಸಿ ಹಾಕ್ಸಿ ಈಗ ನಮ್ಗೇ ಬಂತು ನೋಡು,’ ಎಂದು ದೊಡ್ಡಪ್ಪ ತೋಳು ಉಜ್ಜಿಕೊಂಡ. ಗಂಡಸರೆಲ್ಲ ಜ್ವರ ಎಂದು ಮಲಗಿದರು. ಅವ್ವನಿಗೂ ಜ್ವರ ಬಂದಿತ್ತು. ಗಂಜಿ ಕಾಯಿಸಿ ಎಲ್ಲರಿಗೂ ಕೊಟ್ಟಳು. ಎಲ್ಲ ಆಗುವ ಹೊತ್ತಿಗೆ ಟೂರು ಮುಗಿಸಿ ಬಂದವರ ಹಾಗೆ ದಣಿದಿದ್ದೆವು. ಇನ್ನು ಚಿತ್ರದುರ್ಗಕ್ಕೆ ಹೋಗಿ ಪೂರ್ತಿ ಹಣ ಕಟ್ಟಿ ಬುಕಿಂಗ್ ಖಾಯಂ ಮಾಡುವುದಷ್ಟೇ ಬಾಕಿ.

ಅದಕ್ಕೂ ಮುಂಚೆ ದೊಡ್ಡಪ್ಪ ಒಂದು ಸೋಮವಾರ ಬೆಳಿಗ್ಗೆ ಜೊತೆಗಾರರನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಮಂದೆ ಊರು ಬಿಡುವ ಮುಂಚೆ ವೀಳ್ಯ ಹಿಡಿಯುವುದು ನಮ್ಮಲ್ಲಿ ಪದ್ಧತಿ. ಯಜಮಾನ ದೇವರ ಮುಂದೆ ನಿಂತು, ಇಂಥವನಿಗೆ ಇಂಥ ಕೆಲಸ ಎಂದು ಹೇಳಿ ಎಲೆ ಅಡಿಕೆ ಕೊಡುತ್ತಾನೆ. ಹಿಡಿದರೆ ಒಪ್ಪಿದ ಹಾಗೆ, ಮತ್ತೆ ತಿರುಗಿ ಬರುವ ತನಕ ಆ ಕೆಲಸ ಅವನದೇ. ಹಿಡಿಯದವನನ್ನು ಕೆಲಸ ಕೇಳುವ ಹಾಗಿಲ್ಲ. ಯಾವುದಾದರೊಂದು ಕೆಲಸದ ವೀಳ್ಯ ತಟ್ಟೆಯಲ್ಲೇ ಉಳಿದರೆ ಮಂದೆ ಊರು ಬಿಡುವ ಹಾಗಿಲ್ಲ. ಲಂಕೆಗೂ ಇದೇ ನಿಯಮ ಎಂದು ದೊಡ್ಡಪ್ಪ ತೀರ್ಮಾನಿಸಿದ್ದ.

ದೇವರ ಗೂಡಿನ ಮುಂದೆ ತಟ್ಟೆ ಹಿಡಿದು ನಿಂತ. ಒಬ್ಬ ಜೊತೆಗಾರನಿಗೆ ಗಂಟುಮೂಟೆ ಕಾಯುವ ಕೆಲಸ, ಇನ್ನೊಬ್ಬನಿಗೆ ನೀರು. ಅಪ್ಪನಿಗೆ ಅರ್ಧಂಬರ್ಧ ತಮಿಳು ಬರುತ್ತಿತ್ತು, ಆದ್ದರಿಂದ ಡ್ರೈವರನ ಜೊತೆ ಮಾತಾಡಿ ದಾರಿ ನೋಡಿಕೊಳ್ಳುವುದು. ಹಣ ದೊಡ್ಡಪ್ಪನ ಬಳಿ. ಎಲ್ಲರೂ ಹಿಡಿದು ಕಣ್ಣಿಗೊತ್ತಿಕೊಂಡರು. ದೊಡ್ಡಪ್ಪ ತಟ್ಟೆ ಕೆಳಗಿಟ್ಟ.

ಅವ್ವ ಅಡಿಗೆಮನೆಯಿಂದ ಹೊರಗೆ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ನೇರವಾಗಿ ದೊಡ್ಡಪ್ಪನ ಮುಂದೆ ನಿಂತಳು. ನನ್ನ ಕಡೆ ನೋಡಲಿಲ್ಲ.

‘ಭಾವ, ನಂಗೆ?’

ದೊಡ್ಡಪ್ಪ ಗಾಬರಿಯಾದ. ಅವಳ ದನಿಯನ್ನು ಅಷ್ಟು ಹತ್ತಿರದಿಂದ ಅವನು ಕೇಳಿರಲಿಲ್ಲ.

‘ನಿಂಗ್ಯಾಕವ್ವ? ನಿಂದು ಇದ್ದೇ ಐತಲ್ಲ.’

‘ಇದ್ದೇ ಐತೆ ಅಂದ್ರೆ ಏನು? ಕೊಟ್ರೆ ತಾನೆ ಹಿಡಿದಂಗೆ?’

ಜೊತೆಗಾರನೊಬ್ಬ ಕೆಮ್ಮಿದ. ದೊಡ್ಡಪ್ಪ ತಟ್ಟೆಯಿಂದ ಎಲೆ ಅಡಿಕೆ ತೆಗೆದು ಮುಂದೆ ಚಾಚಿದ.

‘ಸರಿ, ತಗಳವ್ವ. ಅಡಿಗೆ.’

ಅವ್ವ ಕೈ ಚಾಚಲಿಲ್ಲ.

‘ಹಿಡಿಯಲ್ಲ ಭಾವ.’

ಒಲೆಯ ಮೇಲೆ ಏನೋ ಉಕ್ಕಿ ಸುಟ್ಟ ವಾಸನೆ ಬಂತು. ಯಾರೂ ಅಲ್ಲಾಡಲಿಲ್ಲ. ನಾನು ಓಡಿ ಹೋಗಿ ಪಾತ್ರೆ ಇಳಿಸಿ ಬಂದೆ.

‘ಹಂಗಾರೆ ನೀನು ಬರಲ್ಲ?’ ಎಂದ ದೊಡ್ಡಪ್ಪ.

‘ಬರ್ತೀನಿ. ನನ್ನ ಪಾಸ್‌ಪೋರ್ಟು ಬಂದೈತೆ, ಸೂಜಿ ಚುಚ್ಚಿಸ್ಕಂಡಿದ್ದೀನಿ. ಸೀಟಲ್ಲಿ ಕುಂತ್ಕಂಡು ಬರ್ತೀನಿ. ಕೆಲಸ ಹಿಡಿಯಲ್ಲ, ಅಷ್ಟೆ.’ ಅಪ್ಪನ ಕಡೆ ಗದ್ದ ತೋರಿಸಿದಳು. ‘ಇವ್ರಿಗೆ ಜೀಪು ಓಡ್ಸಿ ಓಡ್ಸಿ ಸಾಕಾಗೈತಂತೆ. ಅದಕ್ಕೆ ಡ್ರೈವರು ಬೇಕಂತೆ. ಯಾರಾದ್ರೂ ಬ್ಯಾಡ ಅಂದ್ರಾ? ನಂಗೆ ಸಾಕಾಗಲ್ವ ಭಾವ?’

ಸಿಟ್ಟಿನಲ್ಲಿ ಹೇಳಲಿಲ್ಲ. ಅತ್ತೂ ಹೇಳಲಿಲ್ಲ. ಬಾವಿಯಿಂದ ಕೊಡ ತಂದು ಇಳಿಸಿದವಳು ಮಾತಾಡುವ ದನಿ ಇರುತ್ತದಲ್ಲ, ಅದೇ ದನಿ.

ದೊಡ್ಡಪ್ಪ ಚಾಚಿದ ಕೈ ಚಾಚಿಯೇ ಇತ್ತು. ವಾಪಸ್ ತಟ್ಟೆಗೆ ಹಾಕಿದರೆ ಪಯಣವೇ ನಿಲ್ಲಬೇಕು. ಲಂಕೆಗೂ ಅದೇ ಎಂದು ಅವನೇ ಹಾಕಿದ ನಿಯಮ. ಜೊತೆಗಾರರ ಕಡೆ ನೋಡಿದ.

‘ನಮ್ಮನ್ಯಾಕೆ ನೋಡ್ತೀಯ?’ ಎಂದ ಅವರಲ್ಲಿ ಹಿರಿಯವನು. ‘ನಾವು ಆಗ್ಲೇ ಹಿಡಿದಾಯ್ತು. ಮದ್ವೆಗೆ ಮುಂಚೆ ಮಂದೇಲಿ ಮುದ್ದೆ ತಿರುವ್ತಿದ್ದೋನು ನೀನೇ ಅಲ್ವೇನಲೇ? ಗಂಟು ಗಂಟು ಮುದ್ದೆ. ನುಂಗೋಕೆ ಹೋಗಿ ಕಣ್ಣಲ್ಲಿ ನೀರು ಬರೋದು.’

‘ಸುಮ್ನಿರಲೇ!’

ಅಪ್ಪ ಗೋಡೆಗೆ ಒರಗಿ ಕುಳಿತಿದ್ದವನು ಎದ್ದ. ಅವ್ವನ ಮುಖ ನೋಡಲಿಲ್ಲ. ‘ಕೊಡಣ್ಣ ಇತ್ಲಾಗೆ,’ ಎಂದು ಆ ವೀಳ್ಯವನ್ನು ತಾನೇ ಈಸಿಕೊಂಡ. ಉತ್ಸಾಹದಿಂದ ಈಸಿಕೊಂಡ ಎಂದು ನಾನು ಸುಳ್ಳು ಬರೆಯುವುದಿಲ್ಲ. ಸಾಹೇಬರು ರಜೆಯ ದಿನ ಜೀಪು ತೆಗೆ ಎಂದಾಗ ಬೀಗದ ಕೈ ತೆಗೆದುಕೊಳ್ಳುತ್ತಿದ್ದನಲ್ಲ, ಹಾಗೆ.

ಅವತ್ತೇ ಚಿತ್ರದುರ್ಗಕ್ಕೆ ಹೋಗಿ ಹಣ ಕಟ್ಟಿದರು. ಏಜೆಂಟ್ ಮಾಮೂಲಿನಂತೆ, ‘ಅಡಿಗೆ ಸಾಮಾನು ಏನೇನು ಬೇಕು ಅಂತ ಅಮ್ಮೋರ್ನ ಕೇಳಿ ಹೇಳ್ರಿ,’ ಎಂದನಂತೆ. ‘ನನ್ನೇ ಕೇಳಪ್ಪ,’ ಎಂದನಂತೆ ಅಪ್ಪ. ಏಜೆಂಟ್ ಅವನನ್ನು ಅಡಿಗೆಯವನೆಂದುಕೊಂಡು ಆಮೇಲೆ ಏಕವಚನದಲ್ಲೇ ಮಾತಾಡಿಸಿದನಂತೆ. ಜೊತೆಗಾರರು ಇದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು.

ಹೊರಡುವ ತನಕ ಅಪ್ಪ ಸಂಜೆ ಡ್ಯೂಟಿ ಮುಗಿಸಿ ಬಂದು ಅಡಿಗೆ ಕಲಿತ. ದೊಡ್ಡಪ್ಪ ಬಂದಾಗ ಪಕ್ಕದಲ್ಲಿ ಕುಳಿತು, ‘ಹಿಟ್ಟು ಒಂದೇ ಸಲ ಸುರೀಬ್ಯಾಡಲೇ! ಕೋಲು ಒತ್ತಿ ಹಿಡ್ಕ!’ ಎಂದು ಕೂಗುತ್ತಿದ್ದ. ಅವ್ವ ಒಂದು ಮಾತೂ ಹೇಳಿಕೊಡಲಿಲ್ಲ. ಹೊರಗೆ ಜಗಲಿಯ ಮೇಲೆ ಕುಳಿತಿರುತ್ತಿದ್ದಳು. ಒಳಗೆ ಪಾತ್ರೆ ಬಿದ್ದ ಸದ್ದಾದರೆ ಏಳಲು ಹೋಗಿ, ಮತ್ತೆ ಕುಳಿತುಕೊಳ್ಳುತ್ತಿದ್ದಳು. ಸುಮ್ಮನೆ ಕೂರುವುದೂ ಅವಳಿಗೆ ಅಭ್ಯಾಸವಾಗಬೇಕಿತ್ತು.

ಲಂಕೆಯ ಬಗ್ಗೆ ಏನು ಹೇಳಲಿ? ಹಡಗಿನಲ್ಲಿ ಎಲ್ಲರೂ ವಾಂತಿ ಮಾಡಿಕೊಂಡೆವು. ಆಚೆ ದಡದಲ್ಲಿ ವ್ಯಾನು ಬರುವುದು ತಡವಾಯಿತು, ಬಿಸಿಲಿನಲ್ಲಿ ಗಂಟುಮೂಟೆಗಳ ಮೇಲೆ ಕುಳಿತು ಕಾದೆವು. ವ್ಯಾನು ಬಂತು. ಅವ್ವ ಕಿಟಕಿಯ ಪಕ್ಕ ಕುಳಿತಳು. ಗಾಡಿ ಹೊರಟು ಸ್ವಲ್ಪ ಹೊತ್ತಿಗೇ ನಿದ್ದೆ ಹೋದಳು.

ಆಮೇಲೆ ಆ ದೇಶದ ಉದ್ದಗಲಕ್ಕೂ ನಿದ್ದೆ ಮಾಡಿದಳು. ಅನುರಾಧಪುರದಲ್ಲಿ ಬೆಳ್ಳಗಿನ ದೊಡ್ಡ ಸ್ತೂಪ ಬಂದಾಗ ದೊಡ್ಡಪ್ಪ, ‘ನಿಮ್ಮವ್ವುನ್ನ ಎಬ್ಬಿಸೇ, ಇಷ್ಟು ದೂರ ಬಂದು ಮಲಗಾದಾ?’ ಎಂದು ಚಡಪಡಿಸಿದ. ನಾನು ಅಲ್ಲಾಡಿಸಿದೆ. ಅವಳು ಕಣ್ಣು ಬಿಟ್ಟು, ‘ನೋಡ್ದೆ,’ ಎಂದು ಮತ್ತೆ ಮುಚ್ಚಿದಳು. ರಸ್ತೆಗೆ ಆನೆ ಅಡ್ಡ ಬಂತು, ನೋಡ್ದೆ. ಟೀ ತೋಟದ ಗುಡ್ಡದಲ್ಲಿ ದೊಡ್ಡಪ್ಪ ಇಳಿದು, ಕಂಬಳಿ ಹೊದ್ದು ಎಲೆ ಕೀಳುತ್ತಿದ್ದ ಹೆಂಗಸರ ಹಿಂದೆ ಮುಂದೆ ತಿರುಗಿ, ಒಂದು ಕಂಬಳಿಯ ಅಂಚು ಮುಟ್ಟಿ ನೋಡಿ ಬೈಸಿಕೊಂಡು ಬಂದ. ಆಗಲೂ ಅವ್ವ ಏಳಲಿಲ್ಲ.

ಆ ಗುಡ್ಡದಲ್ಲೇ ರಸ್ತೆ ಬದಿ ಮಧ್ಯಾಹ್ನದ ಅಡಿಗೆಗೆ ನಿಲ್ಲಿಸಿದ್ದೆವು. ಮಂಜು, ಗಾಳಿ. ಸ್ಟೋವು ಹತ್ತಲೊಲ್ಲದು. ಅಪ್ಪ ಮಂಡಿಯೂರಿ ಪಂಪು ಹೊಡೆಯುತ್ತಿದ್ದ, ಕೈಯೆಲ್ಲ ಸೀಮೆಎಣ್ಣೆ. ನಾನು ಸಹಾಯಕ್ಕೆ ಇಳಿಯಲು ಹೊರಟೆ. ಮಲಗಿದ್ದಾಳೆ ಅಂದುಕೊಂಡಿದ್ದ ಅವ್ವ ನನ್ನ ಲಂಗ ಹಿಡಿದೆಳೆದಳು.

‘ಕುಂತ್ಕಳೇ.’

ಬಹಳ ಹೊತ್ತಾದ ಮೇಲೆ ಅಪ್ಪ ಹೊರಗಿನಿಂದ ಕಿಟಕಿಯೊಳಗೆ ತಟ್ಟೆ ಚಾಚಿದ. ಮುದ್ದೆ ಬಿರುಕು ಬಿಟ್ಟಿತ್ತು, ಸಾರಿಗೆ ಉಪ್ಪೇ ಇರಲಿಲ್ಲ. ಅವ್ವ ಪೂರ್ತಿ ಉಂಡಳು. ಖಾಲಿ ತಟ್ಟೆಯನ್ನು ಕಿಟಕಿಯಿಂದ ಅಪ್ಪನ ಕೈಗೆ ವಾಪಸ್ ಕೊಟ್ಟು, ಸೆರಗು ಮುಖದ ಮೇಲೆ ಎಳೆದುಕೊಂಡಳು.