ಎರಡನೇ ಬಶಿ

ಮೌಲಾಸಾಬ ಚಾಚಾ ಚಹಾ ಸೊರ್ರೆಂದು ಎಳೆದರೆ ಅಂಗಡಿಯ ಮುಂದೆ ಮಲಗಿದ ನಾಯಿ ಕಿವಿ ನಿಗುರಿಸಿ ಏಳುತ್ತಿತ್ತು. ಉತ್ಪ್ರೇಕ್ಷೆಯಲ್ಲ, ಕಣ್ಣಾರೆ ನೋಡಿದ್ದೇನೆ. ಬೆಳಗಾವಿಯ ಪೇಟೆಯ ಒಂದು ಸಂದಿಯಲ್ಲಿ ಅವರದು ಚಹಾಪುಡಿಯ ಅಂಗಡಿ. ಎದುರಿನ ಬಳೆ ಅಂಗಡಿಗೆ ಬಂದ ಹೆಂಗಸರು ಆ ಸದ್ದಿಗೆ ಬೆಚ್ಚಿ ತಿರುಗಿ ನೋಡುವರು. ಚಾಚಾಗೆ ಅದರ ಖಬರೇ ಇಲ್ಲ. ಕಣ್ಣು ಮುಚ್ಚಿ, ಬಾಯಲ್ಲಿದ್ದ ಚಹಾವನ್ನು ಈ ದವಡೆಯಿಂದ ಆ ದವಡೆಗೆ ಓಡಾಡಿಸಿ, ಪಕ್ಕದ ಡಬ್ಬಿಗೆ ಉಗುಳಿ, "ಹ್ಞಾಂ" ಎನ್ನುವರು. ದಿನವಿಡೀ ಚಹಾದ ರುಚಿ ನೋಡುವ ಆ ಮನುಷ್ಯ ಅಂಗಡಿಯಲ್ಲಿ ಒಂದು ಗುಟುಕು ನುಂಗಿದ್ದನ್ನು ನಾನು ಕಂಡಿಲ್ಲ. ಯಾವ ಚಹಾವನ್ನೂ ಎರಡನೇ ಸಲ ಬಾಯಿಗೆ ಹಚ್ಚಿದ್ದನ್ನೂ ಕಂಡಿಲ್ಲ. "ಒಂದ ಸಲಕ್ಕ ತಿಳೀಲಿಲ್ಲಂದ್ರ ಈ ನಾಲಿಗಿ ಯಾಕ ಬೇಕು" ಎನ್ನುತ್ತಿದ್ದರು.

ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಹಟಕ್ಕೆ ಬಿದ್ದು. ನನ್ನ ತವರು ಹಲಸಿಯ ಆಚೆ, ಕುರಿ ಕಾಯುವ ಮನೆ. ಕೊಟ್ಟದ್ದು ಖಾನಾಪುರಕ್ಕೆ. ಗಂಡ ದಿನಾ ಬೈಕಿನಲ್ಲಿ ಬೆಳಗಾವಿಯ ಉದ್ಯಮಬಾಗಕ್ಕೆ ಕೆಲಸಕ್ಕೆ ಹೋಗಿಬರುತ್ತಾರೆ. ಬಸ್ ನಿಲ್ದಾಣದ ಹತ್ತಿರವೇ ನಮ್ಮ ಮನೆ, ಅದರ ಮುಂದಿನ ಖೋಲಿ ಖಾಲಿ ಬಿದ್ದಿತ್ತು. ಅಲ್ಲಿ ಚಹಾದಂಗಡಿ ಇಡುತ್ತೇನೆ ಎಂದೆ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ನನ್ನದು ಅಂತ ಒಂದು ಕೆಲಸ ಬೇಕೆಂದು ಜೀವ ಚಡಪಡಿಸುತ್ತಿತ್ತು. ಮಾವನವರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು.

"ದಸರಾ ತನಕಾ ಮಾಡಿ ನೋಡವಾ. ಮಂದಿ ಬರಲಿಲ್ಲಂದ್ರ ಖೋಲಿ ಮೊಬೈಲ್ ಅಂಗಡ್ಯಾಂವಗ ಕೊಡಾಂವ ನಾ" ಎಂದು ಕಡ್ಡಿ ಮುರಿದಂತೆ ಹೇಳಿದರು.

ಅಂಗಡಿ ಇಡಬೇಕಾದರೆ ಮೊದಲು ಪುಡಿ ಬೇಕಲ್ಲ. ಗಂಡನ ಬೈಕಿನ ಹಿಂದೆ ಕೂತು ಬೆಳಗಾವಿಗೆ ಬಂದು, ಕೇಳಿಕೊಂಡು ಚಾಚಾನ ಅಂಗಡಿ ಹುಡುಕಿದೆ.

"ಚೊಲೋ ಪುಡಿ ಕೊಡ್ರಿ ಚಾಚಾ."

"ಚೊಲೋ ಪುಡಿ ಅಂಬೂದು ದುನಿಯಾದಾಗ ಇಲ್ಲ ಬೇಟಿ" ಎಂದರು. "ಯಾ ನೀರು, ಯಾ ಹಾಲು, ಕುಡಿಯೋರು ಯಾರು, ಅದನ್ನ ಹೇಳು. ಆಮ್ಯಾಗ ಪುಡಿ."

ಸ್ಟೂಲಿನ ಮೇಲೆ ಕೂಡಿಸಿ ನನ್ನ ಮುಂದೆ ಐದು ಗ್ಲಾಸು ಇಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ, ಬರೀ ಬಿಸಿನೀರಿಗೆ ಬಿದ್ದ ಪುಡಿ. ಮೊದಲನೆಯದಕ್ಕೇ ನನ್ನ ಮುಖ ಕಿವುಚಿತು.

"ಮಾರಿ ಹಂಗ ಮಾಡಬ್ಯಾಡ. ಹೆಂಗೈತಿ ಹೇಳು."

"ಕಹಿ ಐತ್ರಿ."

"ಕಹಿ ಅಂದ್ರ ಹಾಗಲಕಾಯಿದೋ, ಬೇವಿಂದೋ? ನಾಲಿಗಿ ಬಾಜೂಕ ಹಿಡೀತದೋ, ಗಂಟಲದಾಗ ನಿಲ್ಲತದೋ?"

ಹುಟ್ಟಿದಾಗಿನಿಂದ ಯಾರೂ ನನ್ನ ನಾಲಿಗೆಯನ್ನು ಇಷ್ಟು ವಿಚಾರಿಸಿರಲಿಲ್ಲ. ಮೂರನೇ ಗ್ಲಾಸಿಗೆ ಬಂದಾಗ ಯೋಚನೆ ಮಾಡದೆ ಅಂದುಬಿಟ್ಟೆ: "ಚಾಚಾ, ಇದು ಮಳ್ಯಾಗ ತೋಯ್ದ ಕಂಬಳಿ ವಾಸನಿ ಬರತೈತ್ರಿ."

ಅಲ್ಲಿ ನಿಂತಿದ್ದ ಗಿರಾಕಿಯೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. ಚಾಚಾ ನಗಲಿಲ್ಲ. ಎದ್ದು ಹೋಗಿ, ಆ ಪುಡಿಯ ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಹೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ, ದಪ್ಪ ಅಕ್ಷರದಲ್ಲಿ "ಕಂಬಳಿ" ಎಂದು ಬರೆದರು. "ಎಷ್ಟ ವರ್ಷ ಆತು, ಈ ವಾಸನಿಗೆ ಹೆಸರ ಸಿಕ್ಕಿರಲಿಲ್ಲ" ಎಂದರು. ಶಾಲೆಯಲ್ಲಿ ಒಂದು ದಿನವೂ ಶಹಬ್ಬಾಸ್ ಎನಿಸಿಕೊಳ್ಳದ ನಾನು ಅವತ್ತು ಮನೆಗೆ ಬರುವಾಗ ಬೈಕಿನ ಮೇಲೆ ಸೆಟೆದು ಕೂತಿದ್ದೆ.

ಒಂದು ತಿಂಗಳು ವಾರಕ್ಕೊಮ್ಮೆ ಹೋಗಿ ಕಲಿತೆ. ಸಣ್ಣ ಕಾಳಿನ ಪುಡಿ ಬೇಗ ಬಣ್ಣ ಬಿಟ್ಟು ಕಡಕ್ ಆಗುತ್ತದೆ, ದೊಡ್ಡ ಕಾಳು ಸಾವಕಾಶ ಘಮ ಬಿಡುತ್ತದೆ. ಸೊರ್ರೆಂದು ಎಳೆಯುವುದು ಶೋಕಿಗಲ್ಲ, ಗಾಳಿಯ ಜೊತೆ ಹೋದರೆ ಘಮ ಬಾಯಿಯಿಂದ ಮೂಗಿಗೆ ಏರುತ್ತದೆ. ನನ್ನ ಸೊರ್ ಮಾತ್ರ ಯಾವಾಗಲೂ ಮೆಲ್ಲಗೆ. "ನಾಚಿಕಿ ಚಪ್ಪಲ್ ಜೋಡಿ ಹೊರಗ ಬಿಟ್ಟು ಬಾ" ಎಂದು ಬೈಯುತ್ತಿದ್ದರು. ಕೊನೆಗೊಂದು ದಿನ ನನಗಾಗಿ ಪುಡಿ ಬೆರೆಸಿ, ಹಾಲು ಸಕ್ಕರೆ ಹಾಕಿ, ಬಶಿಯ ಮೇಲೆ ಕಪ್ಪಿಟ್ಟು ಕೊಟ್ಟರು. ಆಹಾ, ಏನು ಘಮ! ಕಪ್ಪಿಗೆ ತುಟಿ ಹಚ್ಚಿ ಮೆಲ್ಲಗೆ ಕುಡಿದು, "ಇದ ಇರಲ್ರಿ" ಎಂದೆ.

ಅಂಗಡಿ ಶುರುವಾಯಿತು. ಮೊದಲ ಮೂರು ದಿನ ಜಾತ್ರೆ. ನಾಲ್ಕನೇ ದಿನದಿಂದ ಬಶಿಗಳಲ್ಲಿ ಅರ್ಧ ಚಹಾ ಹಾಗೇ ಉಳಿದು ವಾಪಸು ಬರತೊಡಗಿತು. "ವೈನಿ, ಚಹಾ ಫಿಕ್ಕಾ ಆಗೇತಿ" ಎಂದ ಒಬ್ಬ. ಪುಡಿ ಜಾಸ್ತಿ ಹಾಕಿದೆ, ಇನ್ನೊಬ್ಬ ಕಹಿ ಎಂದ. ದಸರಾಕ್ಕೆ ಮೂರು ವಾರ ಉಳಿದಿತ್ತು. ಮೊಬೈಲ್ ಅಂಗಡಿಯವನು ಬಂದು ನನ್ನ ಕಣ್ಣೆದುರೇ ಟೇಪು ಹಿಡಿದು ಖೋಲಿ ಅಳೆದುಕೊಂಡು ಹೋದ. ನಾನು ಒಲೆಯ ಮುಂದೆ ನಿಂತು ಅತ್ತೆ. ಆಮೇಲೆ ಚಾಚಾಗೆ ಫೋನು ಹಚ್ಚಿದೆ.

ಮರುದಿನ ಬೆಳಗಿನ ಬಸ್ಸಿಗೆ ಬಂದರು. ನನ್ನ ಚಹಾ ಮುಟ್ಟಲಿಲ್ಲ. ಮೂಲೆಯ ಬಾಕಿನ ಮೇಲೆ ಕೂತು ಮಧ್ಯಾಹ್ನದವರೆಗೆ ಬರೀ ಮಂದಿಯನ್ನು ನೋಡಿದರು. ಗದ್ದಲ ಕಡಿಮೆಯಾದ ಮೇಲೆ ನನ್ನನ್ನು ಕರೆದರು.

"ಇಲ್ಲೆ ಎಲ್ಲಾರೂ ಬಶ್ಯಾಗ ಹಾಕ್ಕೊಂಡು ಕುಡೀತಾರಲ್ಲ?"

"ಹೌದ್ರಿ. ಬಸ್ ಹಿಡಿಯೋ ಗಡಿಬಿಡಿ ಇರತೈತಿ."

"ನೀ ಮನ್ಯಾಗ ಹೆಂಗ ಕುಡೀತಿ?"

ನಾನು ತಲೆ ತಗ್ಗಿಸಿದೆ. "ಬಶ್ಯಾಗ್ರಿ."

"ಮತ್ತ ನನ್ನ ಮುಂದ ಕಪ್ಪಿಗೆ ಬಾಯಿ ಹಚ್ಚಿ ಕುಡದ್ಯಲ್ಲ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಬೆಳಗಾವಿ ಸದಾಶಿವನಗರದ ದೊಡ್ಡ ಮಂದಿ ಬರೋ ಅಂಗಡಿ ನಿಮ್ಮದು. ಬಶ್ಯಾಗ ಕುಡದ್ರ ಹಳ್ಳ್ಯಾಕಿ ಅಂತೀರೇನೋ ಅಂತ ನಾಚಿಕಿ ಆತ್ರಿ."

ಚಾಚಾ ನಗಲು ಹತ್ತಿದವರು ಟೋಪಿ ಜಾರಿ ಬಿದ್ದರೂ ನಿಲ್ಲಿಸಲಿಲ್ಲ. "ಅರೇ ಹುಚ್ಚಿ, ನಾನೂ ಮನ್ಯಾಗ ಬಶ್ಯಾಗ ಕುಡಿಯಾಂವನ. ನಿಮ್ಮ ಚಾಚಿನ್ನ ಕೇಳು ಬೇಕಾರ."

ನಕ್ಕು ಸುಸ್ತಾದ ಮೇಲೆ ತಿಳಿಸಿ ಹೇಳಿದರು. ಕಪ್ಪಿನ ಬಾಯಿ ಸಣ್ಣದು, ಘಮ ನೇರ ಮೂಗಿಗೆ ಬರುತ್ತದೆ. ಬಶಿ ಅಗಲ, ಸುರಿದ ಕೂಡಲೇ ಘಮ ಗಾಳಿಗೆ ಹೋಗಿ ಚಹಾ ಆರುತ್ತದೆ. "ನೀ ಕಪ್ಪಿನಾಗ ಕುಡದಿ, ನಾ ಮೂಗಿಗೆ ಚಹಾ ಮಾಡಿಕೊಟ್ಟೆ. ಈ ಮಂದಿಗೆ ನಾಲಿಗಿ ಹಿಡಿಯೋ ಚಹಾ ಬೇಕು. ತಪ್ಪು ಇಬ್ಬರದೂ ಐತಿ."

ಮಾರನೇ ದಿನವೇ ಅವರ ಅಂಗಡಿಯಲ್ಲಿ ಇಬ್ಬರೂ ನೆಲದ ಮೇಲೆ ಕೂತು, ಬಶಿಗಳ ಸಾಲು ಹಚ್ಚಿ ಎಳೆದೆವು. ಆವತ್ತು ನಾನೂ ನಾಚಿಕೆಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟಿದ್ದೆ. ನಾಯಿ ಎದ್ದು ಬೇರೆ ಓಣಿಗೇ ಹೋಯಿತು. ದೊಡ್ಡ ಕಾಳು ಇಳಿಸಿ, ಸಣ್ಣ ಕಾಳು ಏರಿಸಿ, ಮೇಲೊಂದು ಹಿಡಿ ಕಂಬಳಿ ಹಾಕಿದರು. ವಾರ ಕಳೆಯುವುದರಲ್ಲಿ ಬಶಿಗಳು ಬರಿದಾಗಿ ಬರತೊಡಗಿದವು. ಮಾವನವರೂ ಒಂದು ದಿನ ಬಂದು ಗಿರಾಕಿಗಳ ನಡುವೆ ಕೂತು ಎರಡು ಬಶಿ ಕುಡಿದು ಎದ್ದರು. ದಸರಾದ ಹಿಂದಿನ ದಿನ ಮೊಬೈಲ್ ಅಂಗಡಿಯವನು ಬಂದಾಗ ಮಾವನವರು ಅವನನ್ನು ಬಾಗಿಲಲ್ಲೇ ನಿಲ್ಲಿಸಿ, "ಖೋಲಿ ಖಾಲಿ ಇಲ್ಲಪಾ, ನಮ್ಮ ಸೊಸಿ ಅಂಗಡಿ ಐತಿ" ಎಂದರು.

ಐದು ವರ್ಷ ಚಾಚಾನ ಪುಡಿಯಿಂದಲೇ ನನ್ನ ಅಂಗಡಿ ನಡೆಯಿತು. ಹೋದ ವರ್ಷ ಅವರಿಗೆ ಮೈ ಹುಷಾರು ತಪ್ಪಿ ಅಂಗಡಿ ಮುಚ್ಚಿತು. ಈಗ ಚಾಚಾ ಇಲ್ಲ. ಆದರೆ ಅವರನ್ನು ಕೊನೆಯ ಸಲ ನೋಡಿದ್ದನ್ನು ನೆನೆದರೆ ನಗು ಬರುತ್ತದೆ.

ಮಳೆಗಾಲದ ಒಂದು ಮಧ್ಯಾಹ್ನ ಥರ್ಮಾಸಿನಲ್ಲಿ ಚಹಾ ತುಂಬಿಕೊಂಡು ಅವರ ಮನೆಗೆ ಹೋಗಿದ್ದೆ. ಅವರ ಪುಡಿ ತೀರಿತ್ತು, ಇದು ಬೇರೆ ಬೇರೆ ಪುಡಿ ತಂದು ನಾನೇ ಬೆರೆಸಿದ್ದು, ಮೊದಲ ಸಲ. ಅದನ್ನು ಅವರಿಗೆ ಹೇಳಿರಲಿಲ್ಲ. ಇದು ಚೊಲೋ ಆಗಿಲ್ಲವೆಂದರೆ ನಾಳೆಯಿಂದ ಯಾವ ಧೈರ್ಯದ ಮೇಲೆ ಒಲೆ ಹಚ್ಚಲಿ? ಚಾಚಿ ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿದರು. ನಾನು ಬಶಿಗೆ ಸುರಿದು ಕೊಟ್ಟೆ.

ಚಾಚಾ ಎಳೆದರು. ಸದ್ದು ಪಕ್ಕದ ಕೋಣೆಗೂ ಕೇಳುವಷ್ಟಿರಲಿಲ್ಲ. ರುಚಿ ನೋಡುತ್ತಿದ್ದಾರೆಂದು ಚಾಚಿ ಉಗುಳುವ ಡಬ್ಬಿ ಹಿಡಿದರು. ಅವರು ಅದನ್ನು ಕೈಯಿಂದ ಸರಿಸಿ, ಗುಟುಕು ನುಂಗಿದರು. ಮೆಲ್ಲಗೆ ಬಶಿಯನ್ನು ಪೂರ್ತಿ ಬರಿದು ಮಾಡಿದರು.

"ಇದು ನನ್ನ ಪುಡಿ ಅಲ್ಲ."

"ಅಲ್ರಿ ಚಾಚಾ."

"ಯಾರದು?"

"ನಂದ್ರಿ."

ಕಣ್ಣು ಮುಚ್ಚಿಕೊಂಡರು. "ಕಂಬಳಿ ಒಂದ ಚಿಮಟಿ ಹೆಚ್ಚಾಗೇತಿ" ಎಂದರು. ನಾನು ಥರ್ಮಾಸಿನ ಮುಚ್ಚಳ ಹಾಕತೊಡಗಿದೆ.

ಚಾಚಾ ಕಣ್ಣು ತೆರೆದು, ಖಾಲಿ ಬಶಿಯನ್ನು ನನ್ನ ಕಡೆ ಚಾಚಿದರು.

"ಇನ್ನೊಂದ ಬಶಿ ಹಾಕು."