ಅಪ್ಪನ ಜಾಗದಲ್ಲಿ ಪೇಂಟರ್ ಕಾಕಾ

ಕುಂಚ ಒರೆಸಲು ಪೇಂಟರ್ ಕಾಕಾ ಬಟ್ಟೆ ಇಟ್ಟುಕೊಳ್ಳುತ್ತಿರಲಿಲ್ಲ. ತನ್ನ ಎಡಗೈಗೇ ಒರೆಸಿಕೊಳ್ಳುತ್ತಿದ್ದ. ಮೊಣಕೈವರೆಗಿನ ಕೂದಲೆಲ್ಲ ಹಸಿರು, ಕೆಂಪು, ಹಳದಿಯಾಗಿ ಗಟ್ಟಿಗೆ ಅಂಟಿಕೊಂಡಿರುತ್ತಿತ್ತು. ಅದೇ ಕೈಯಲ್ಲಿ ತಾಟು ಹಿಡಿದು ನಮ್ಮ ಮನೆಯ ಅವಲಕ್ಕಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದ.

ಅಪ್ಪ ತೀರಿಕೊಂಡಾಗ ನಾನು ತೀರ ಚಿಕ್ಕವ. ಮನೆಯಲ್ಲಿದ್ದ ಅವನ ಒಂದೇ ಫೋಟೊವನ್ನು ಗೆದ್ದಲು ತಿಂದಿತ್ತು. ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದಾಗ ಅವ್ವ ಅಪ್ಪನ ಚಿತ್ರ ಬರೆಸಲು ಹುಕ್ಕೇರಿಯ ನಮ್ಮ ಮನೆಗೆ ಗೋಕಾಕದಿಂದ ಈ ಕಾಕಾನನ್ನು ಕರೆಸಿದಳು. "ನೀವು ಹೇಳ್ರಿ, ನಾ ತೆಗೀತೀನಿ" ಅಂದ. ಅಪ್ಪನ ಎಡಹುಬ್ಬಿನ ಮೇಲೆ ಗಾಯದ ಗುರುತಿತ್ತು ಅಂತ ನಾನು. ಬಲಹುಬ್ಬು ಅಂತ ಅಕ್ಕ. ಗಾಯವೇ ಇರಲಿಲ್ಲ ಅಂತ ಅವ್ವ. ಕಾಕಾ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಗಾಯದ್ದೇನ ಹಚ್ಚೀರಿ? ಮಾಲಿ ಹಾಕಿದ್ರ ಚಂದ ಕಾಣಬೇಕಲ್ರಿ" ಎಂದು ತಂಬಾಕು ಉಗುಳಲು ಹೊರಗೆ ಹೋದ.

ಅವನಿಗೆ ಬರೆಯಲು ಬರುತ್ತಿದ್ದದ್ದು ಒಂದೇ ಮುಖ, ತನ್ನದು. ಕಿಟಕಿಗೆ ಕನ್ನಡಿ ಒರಗಿಸಿಕೊಂಡು ಕೂತ. ಕೆಲಸ ಮುಗಿದಾಗ ನೋಡಿದರೆ ಅವನದೇ ಅಗಲ ಮೂಗು, ಅವನದೇ ಜೋಲುರೆಪ್ಪೆ, ಮೇಲೊಂದು ರುಮಾಲು, ಎಲ್ಲಿಂದಲೋ ತಂದು ಅಂಟಿಸಿದಂಥ ನಗು. ಸಾಲದ್ದಕ್ಕೆ, ಹಿಂದಿನ ಗೋಡೆ ಸಪ್ಪಗಿದೆ ಅಂತ ಯಾರನ್ನೂ ಕೇಳದೆ ಇಡೀ ಪಡಸಾಲೆಗೆ ಗಿಳಿಹಸಿರು ಬಳಿದ.

"ಇದು ನಿಮ್ಮ ಮಾರಿ ಅಲ್ಲೇನ್ರಿ? ಕನ್ನಡಿ ನೋಡಿ ತೆಗದೀರಿ" ಅಂದೆ.

"ಮತ್ತ ಯಾರನ್ನ ನೋಡ್ಲಿ, ಸಾಹೇಬ್ರ? ನಿಮ್ಮಪ್ಪಾರನ್ನ ಕರಕೊಂಡ ಬರ್ರಿ, ಕುಂಡ್ರಿಸಿ ತೆಗೀತೀನಿ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮುಂದೆ ಅವಳನ್ನು ಮೂಡಲಗಿಗೆ ಮದುವೆ ಮಾಡಿ ಕೊಟ್ಟೆವು. ಅಲ್ಲಿ ಗಂಡನ ಮನೆಯ ಗೋಡೆಯ ಮೇಲೆ ಅದೇ ಮುಖ, ಅವಳ ಮಾವನ ಅಪ್ಪನ ಹೆಸರಿನಲ್ಲಿ, ಹುರಿಮೀಸೆ ಹೊತ್ತು ಕೂತಿತ್ತು. ಮೂರು ತಾಲೂಕುಗಳ ಸತ್ತವರನ್ನೆಲ್ಲ ಒದ್ದೋಡಿಸಿ ಅವರ ಮೊಳೆಗಳಿಗೆ ಈ ಮನುಷ್ಯ ತನ್ನನ್ನೇ ನೇತುಹಾಕಿಕೊಂಡಿದ್ದ. ಕಿರಾಣಿ ಅಂಗಡಿಯ ಬೋರ್ಡು ಬರೆಯುವುದಕ್ಕೂ ಲಾಯಕ್ಕಿಲ್ಲದವನು!

ಮೂಡಲಗಿಯಿಂದ ಬಂದವನೇ ಚಿತ್ರ ಇಳಿಸಲು ಸ್ಟೂಲು ಹತ್ತಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಇದು ಅಪ್ಪ ಅಲ್ಲಬೇ" ಅಂದೆ.

"ನನಗೇನ ಕಣ್ಣಿಲ್ಲೇನು? ಜೀವ ಇರೋತನಕ ಅವರು ನನ್ನ ನೋಡಿ ಒಮ್ಮೆರ ಹಿಂಗ ನಕ್ಕಾರೇನು? ಈಗರ ನಗಲಿ, ಬಿಡು."

ಇಳಿದೆ.

ಆಮೇಲೆ ಆದದ್ದಕ್ಕೆ ಕಾಕಾನನ್ನು ನಾನು ಕ್ಷಮಿಸಿಲ್ಲ. ಅಪ್ಪ ಸೈಕಲ್ಲಿಗೆ ಕಬ್ಬು ಕಟ್ಟಿಕೊಂಡು ಸಂಕೇಶ್ವರದ ರಸ್ತೆಯಲ್ಲಿ ಬರುವುದನ್ನು ನೆನೆಸಿಕೊಂಡರೆ, ಸೈಕಲ್ಲಿನ ಮೇಲೆ ಕಾಕಾ ಕೂತಿರುತ್ತಾನೆ. ನನ್ನನ್ನು ಹೆಗಲ ಮೇಲೆ ಹೊತ್ತವನೂ ಅವನೇ. ಸೈಕಲ್ಲಾದರೂ ಇತ್ತೋ ಇಲ್ಲವೋ, ಈಗ ಅದೂ ಗೊತ್ತಿಲ್ಲ. ಪುರಾವೆ ಇಲ್ಲದ್ದನ್ನು ನಂಬಬಾರದೆಂದು ಕಲಿತು ಬಂದವನಿಗೆ ತನ್ನ ಅಪ್ಪನ ಬಗ್ಗೆ ಉಳಿದ ಒಂದೇ ಪುರಾವೆ, ಅದೂ ಖೊಟ್ಟಿ.

ಹೋದ ವರ್ಷ ಕಾಕಾ ತೀರಿಕೊಂಡ. ಅವ್ವನ ಒತ್ತಾಯಕ್ಕೆ ಗೋಕಾಕಕ್ಕೆ ಹೋದೆ. ಅವನ ದುರಾಸೆ, ಸೋಮಾರಿತನ, ಉದ್ಧಟ ಮಾತು ಎಲ್ಲವನ್ನೂ ನೆನೆಯುತ್ತಲೇ ಒಳಗೆ ಕಾಲಿಟ್ಟೆ. ನಮ್ಮ ಜನರಲ್ಲಿ ಮಾಡುವಂತೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು; ಹಣೆಗೆ ವಿಭೂತಿ, ತಲೆಗೆ ರುಮಾಲು, ಕೊರಳಲ್ಲಿ ಹೂವಿನ ಮಾಲೆ. ಭಜನೆಯವರು ತಾಳ ಹಾಕುತ್ತಿದ್ದರು. ಎದುರಿಗೆ ಹೋಗಿ ನಿಂತರೆ, ಕೂತಿದ್ದವನು ನಮ್ಮ ಅಪ್ಪ.

ಅಪ್ಪ ಸತ್ತ ದಿನ ನನ್ನನ್ನು ಬಾಜೂ ಮನೆಯಲ್ಲಿ ಬಿಟ್ಟಿದ್ದರಂತೆ, ಮುಖ ತೋರಿಸಿರಲಿಲ್ಲ. ನಿಷ್ಪ್ರಯೋಜಕ ಅಂತ ಇಷ್ಟು ವರ್ಷ ನಾನೇ ಬೈಯುತ್ತ ಬಂದ ಮನುಷ್ಯನ ಮುಂದೆ ಕುಸಿದು ಕೂತು, ಮಂದಿ ತಿರುಗಿ ನೋಡುವಷ್ಟು ಜೋರಾಗಿ ಅತ್ತೆ. ಯಾರೋ ವಯಸ್ಸಾದ ಹೆಂಗಸು ನನ್ನ ಬೆನ್ನು ಸವರಿದಳು.

"ಅಳಬ್ಯಾಡಪ್ಪಾ. ನೀ ಇವರಿಗೆ ಏನಾಗಬೇಕು?"

"ಮಗ ರೀ" ಅಂದೆ.