ವಸಂತಾ ಅವರ ಪಾಸ್‌ವರ್ಡ್

ವಸಂತಾ ಅವರೇ, ಆ ಫೈಲುಗಳನ್ನು ಅಳಿಸಿದವನು ನಾನು. ನೀವಲ್ಲ. ಆಗ ನೀವು ಊಟಕ್ಕೆ ಎದ್ದು ಹೋಗಿದ್ದಿರಿ.

ಗೋಪಾಳ ಬಡಾವಣೆಯ ಎರಡು ಕೋಣೆಯ ಆಫೀಸು ನೆನಪಿದೆಯಲ್ಲ? ಭದ್ರಾವತಿ ಕಾರ್ಖಾನೆಯ ಹಳೆಯ ಯಂತ್ರಗಳ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಸರ್ವರಿಗೆ ಕಳಿಸುವ ಕೆಲಸ. ಮಾಸಿದ ಅಳತೆಗಳನ್ನು ಓದಲು ನಮಗಾರಿಗೂ ಬರುತ್ತಿರಲಿಲ್ಲ. ನಿಮ್ಮ ಅಪ್ಪ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರನ್ನು ಕೇಳಿ ಕೇಳಿ ಒಂದೊಂದು ಅಂಕಿಯನ್ನೂ ತಿದ್ದಿದಿರಿ — ಆರು ತಿಂಗಳು. ತಿದ್ದಿದ ನಕ್ಷೆಗಳು ಸರ್ವರಿನಲ್ಲಿ ಮಾತ್ರ ಇದ್ದವು.

ಪರದೆಯ ಎಡಕ್ಕೆ ನಮ್ಮ ಕಂಪ್ಯೂಟರು, ಬಲಕ್ಕೆ ಸರ್ವರು. ನಿಮ್ಮ ಫೈಲುಗಳನ್ನು ಬಲದಿಂದ ಎಡಕ್ಕೆ ಎಳೆದುಕೊಳ್ಳಬೇಕಿತ್ತು. ನಾನು ಎಡದಿಂದ ಬಲಕ್ಕೆ ಎಳೆದೆ. ನನ್ನ ಹಳೆಯ, ತಿದ್ದದ ಫೈಲುಗಳು ಹೋಗಿ ನಿಮ್ಮವುಗಳ ಜಾಗದಲ್ಲಿ ಕೂತವು. ಅಲ್ಲಿರುವುದನ್ನು ಅಳಿಸಲೇ ಎಂದು ಸಾಫ್ಟ್‌ವೇರ್ ಕೇಳಿತ್ತು — ಅದಾದರೂ ಕೇಳಿತ್ತು. ಓದದೆ, ಎಲ್ಲಕ್ಕೂ ಹೌದು ಎಂದು ಒತ್ತಿದೆ.

ಅಪ್‌ಲೋಡ್ ಮಾಡುವುದಕ್ಕೆ ನಮ್ಮಲ್ಲಿ 'ಮೇಲೆ ಹಾಕೋದು' ಅನ್ನುತ್ತಿದ್ದೆವು. ಯಜಮಾನರು ಬಂದು, "ಇದನ್ನ ಮೇಲೆ ಹಾಕಿದ್ದು ಯಾರ್ರೀ?" ಎಂದರು. ಸರ್ವರಿನ ದಾಖಲೆಯಲ್ಲಿ ಸಮಯವಿರಲಿಲ್ಲ, ನಿಮ್ಮ ಹೆಸರು ಮಾತ್ರ ಇತ್ತು. ಇರದೇ ಇನ್ನೇನು — ನಿಮ್ಮ ಜೊತೆ ಕೆಲಸ ಮಾಡುತ್ತಿದ್ದ ನಾವು ಮೂವರೂ ಸೋಮಾರಿಗಳು, ನಿಮ್ಮ ಪಾಸ್‌ವರ್ಡಿನಿಂದಲೇ ಒಳಗೆ ಹೋಗುತ್ತಿದ್ದೆವು.

"ನೀವಾದ್ರೂ ಹೇಳಿ ಮಾರಾಯ್ರೇ, ನಾನು ಊಟಕ್ಕೆ ಹೋಗಿದ್ದೆ" ಅಂದಿರಿ ನನ್ನತ್ತ ತಿರುಗಿ.

"ಹೋಗೋ ಮುಂಚೆ ನೀವೇ ಹಾಕಿ ಹೋಗಿರ್ಬೇಕು" ಅಂದೆ ನಾನು.

ಫೈಲನ್ನು ಮೇಲೆ ಹಾಕಿದವನೂ ನಾನೇ, ತಪ್ಪನ್ನು ನಿಮ್ಮ ಮೇಲೆ ಹಾಕಿದವನೂ ನಾನೇ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ; ಕೋತಿಗಾದರೂ ಸಂಬಳ ಇರಲಿಲ್ಲ.

ಅಲ್ಲ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸವನ್ನು ಯಾರಾದರೂ ತಾವೇ ಅಳಿಸುತ್ತಾರೆಯೇ? ಯಜಮಾನರಿಗೆ ಅಷ್ಟೂ ಹೊಳೆಯಲಿಲ್ಲ. ಪಾಸ್‌ವರ್ಡಿನ ವಿಷಯ ಗೊತ್ತಿದ್ದೂ ಉಳಿದಿಬ್ಬರು ಬಾಯಿಗೆ ಬೀಗ ಹಾಕಿಕೊಂಡರು. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ — ನಾಚಿಕೆಗೇಡು ನೋಡಿ, ಬಾಯಿ ಬಿಡಬೇಕಾದವನು ನಾನು, ಸಿಟ್ಟು ಅವರ ಮೇಲೆ. ನೀವು ಆ ವಾರವೇ ಕೆಲಸ ಕಳೆದುಕೊಂಡಿರಿ.

ಈಗ ಅದೇ ಆಫೀಸಿಗೆ ನಾನು ಮೇಲ್ವಿಚಾರಕ. ಮೊನ್ನೆ ಮತ್ತೆ ಕೆಲಸ ಕೇಳಿದ ನಿಮ್ಮ ಅರ್ಜಿ ನನ್ನ ಮೇಜಿಗೆ ಬಂತು. ಕೊನೆಯಲ್ಲಿ ಬರೆದಿದ್ದೀರಿ: "ಹಿಂದೆ ನನ್ನ ಅಜಾಗರೂಕತೆಯಿಂದ ಫೈಲುಗಳು ಹಾಳಾದವು. ಎಲ್ಲಿ ತಪ್ಪಿದೆನೆಂದು ಇಂದಿಗೂ ತಿಳಿದಿಲ್ಲ. ಕ್ಷಮಿಸಿ."

ಕ್ಷಮೆ — ನನ್ನ ಹತ್ತಿರ —

ಈ ಕಾಗದದ ಪ್ರತಿಯನ್ನು ಸಹಿ ಹಾಕಿ ಯಜಮಾನರಿಗೆ ಕೊಟ್ಟಿದ್ದೇನೆ. ನನ್ನ ಕೆಲಸ ಹೋದರೆ ಹೋಗಲಿ. ನಿಮ್ಮ ಅರ್ಜಿಯ ಆ ಮೂರು ಸಾಲು ಹೊಡೆದುಹಾಕಿ. ನೀವು ಎಲ್ಲೂ ತಪ್ಪಿರಲಿಲ್ಲ.